‘ಚೆನ್ನಾಗಿ ಉಜ್ಜು’ ಎಂದ ಮೇಲೆ: ಪಾವಗಡ ಸೀಮೆಯ ಒಂದು ಮನೆಯ ಪ್ರಕರಣ

ನಮ್ಮ ದಂತ ತಪಾಸಣಾ ವಾಹನ ಎರಡನೆಯ ಸಲ ಆ ಶಾಲೆಯ ಅಂಗಳಕ್ಕೆ ಹೋದಾಗ 7ನೇ ತರಗತಿಯ ಹುಡುಗಿಯೊಬ್ಬಳು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಸರದಿ ಬಂದಾಗ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಳಿತಳು. ಕೈ ತೆಗೆಸಿ ನೋಡಿದೆ. ಮೇಲಿನ ಬಾಚಿಹಲ್ಲುಗಳ ಬುಡದಲ್ಲಿ ವಸಡಿನ ಅಂಚು ತರಚಿಹೋಗಿತ್ತು, ಎರಡು ಕಡೆ ಹಸಿಗಾಯವಿತ್ತು. ಕಂದು ಬಣ್ಣದ ಹಲ್ಲುಗಳ ಮೇಲೆ ಅಡ್ಡಡ್ಡ ಸಣ್ಣ ಗೀರುಗಳಿದ್ದವು. ಆರು ತಿಂಗಳ ಹಿಂದಿನ ಕಾರ್ಡನ್ನು ಹುಡುಕಿ ತೆಗೆದೆ. ನನ್ನದೇ ಕೈಬರಹ: ‘ಫ್ಲೋರೋಸಿಸ್, ಮಧ್ಯಮ. ವಸಡು ಆರೋಗ್ಯವಾಗಿದೆ. ಸಲಹೆ: ದಿನಕ್ಕೆ ಎರಡು ಸಲ ಚೆನ್ನಾಗಿ ಉಜ್ಜುವುದು.’ ಫ್ಲೋರೋಸಿಸ್ ಎಂದರೆ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಾಗಿ ಹಲ್ಲಿಗೆ ಬರುವ ಕಲೆ.

“ಏನು ಹಾಕಿ ಉಜ್ಜುತ್ತೀಯ ಪುಟ್ಟಿ?” ಎಂದು ಕೇಳಿದೆ.

“ಇಟ್ಟಿಗೆ ಪುಡಿ, ಮೇಡಂ. ಚೆನ್ನಾಗಿ ಉಜ್ಜು ಎಂದು ನೀವೇ ಹೇಳಿದ್ದಿರಿ.”

ಈ ಪ್ರಕರಣವನ್ನು ಬರೆಯಲು ಕಾರಣ ಆ ಉತ್ತರ. ನಾನು ಡೆಂಟಲ್ ಹೈಜೀನಿಸ್ಟ್. ನಮ್ಮ ದೇಶದಲ್ಲಿ ಈ ಕೆಲಸದವರು ಬಹಳ ಕಡಿಮೆ. ದಂತವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ನಮ್ಮ ಬಗ್ಗೆ 1948ರ ದಂತವೈದ್ಯರ ಕಾಯ್ದೆ ಹೇಳಿದ್ದು ಇಷ್ಟು: ಹಲ್ಲಿನ ಕಿಟ್ಟ ತೆಗೆಯುವವರು, ಹಲ್ಲನ್ನು ಶುಚಿಗೊಳಿಸಿ ನುಣುಪು ಮಾಡುವವರು, ಇಲ್ಲವೇ ಹಲ್ಲಿನ ಸ್ವಚ್ಛತೆಯ ಬಗ್ಗೆ ತಿಳಿವಳಿಕೆ ಕೊಡುವವರು. ಆ ದಿನದವರೆಗೂ ನಾನು ಮೊದಲ ಭಾಗವನ್ನೇ ನನ್ನ ಕೆಲಸವೆಂದು ತಿಳಿದಿದ್ದೆ. ತಿಳಿವಳಿಕೆ ಎಂಬುದು ಕುರ್ಚಿಯಿಂದ ಇಳಿಯುವ ಮಗುವಿನ ಬೆನ್ನಿಗೆ ಹೇಳುವ ಎರಡು ಮಾತಾಗಿತ್ತು. ಆ ಎರಡು ಮಾತೇ ಇಲ್ಲಿ ಗಾಯ ಮಾಡಿತ್ತು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರಿನ ಹೆಸರನ್ನೂ ಮಕ್ಕಳ ಹೆಸರನ್ನೂ ಬಿಟ್ಟಿದ್ದೇನೆ.

ಕೊಳೆಯಲ್ಲದ ಕಲೆ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬಹುತೇಕ ಎಲ್ಲ ಕಡೆಯಿಂದಲೂ ಆಂಧ್ರದ ನೆಲದಿಂದ ಸುತ್ತುವರಿದ ಬಂಡೆಗುಡ್ಡಗಳ ಸೀಮೆ. ಮಳೆ ಕಡಿಮೆ, ಕಡಲೆಕಾಯಿ ಬೆಳೆ, ಮನೆಮಾತಿನಲ್ಲಿ ಕನ್ನಡದೊಂದಿಗೆ ತೆಲುಗು. ನೆಲದಡಿ ಗ್ರಾನೈಟು. ಅದರ ಖನಿಜಗಳಲ್ಲಿರುವ ಫ್ಲೋರೈಡ್ ನಿಧಾನವಾಗಿ ಅಂತರ್ಜಲಕ್ಕೆ ಕರಗುತ್ತದೆ. ಕ್ಷಾರಗುಣ ಹೆಚ್ಚಿದ್ದು ಸುಣ್ಣದ ಅಂಶ ಕಡಿಮೆಯಿರುವ ನೀರಿನಲ್ಲಿ ಇನ್ನೂ ಹೆಚ್ಚು ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎಂಬುದು ಭಾರತೀಯ ಮಾನಕ. ಈ ಸೀಮೆಯ ಅನೇಕ ಕೊಳವೆಬಾವಿಗಳು ಈ ಎರಡನೆಯ ಗೆರೆಯನ್ನೂ ದಾಟಿರುವುದು ಹೊಸ ಸುದ್ದಿಯಲ್ಲ.

ಹಲ್ಲಿನ ಫ್ಲೋರೋಸಿಸ್ ಆಗುವುದು ಹಲ್ಲು ಬಾಯಿಗೆ ಬಂದ ಮೇಲಲ್ಲ, ವಸಡಿನೊಳಗೆ ಅದು ರೂಪುಗೊಳ್ಳುವಾಗ. ಆ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಮೈಗೆ ಸೇರಿದರೆ ಎನಾಮಲ್ ಎಂಬ ಹಲ್ಲಿನ ಹೊರಪದರ ಗಟ್ಟಿಯಾಗದೆ ಒಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹಲ್ಲು ಹುಟ್ಟುವಾಗ ಕಂದಾಗಿರುವುದಿಲ್ಲ, ಸುಣ್ಣದಂತೆ ಮಂಕು ಬಿಳುಪಾಗಿರುತ್ತದೆ. ಆಮೇಲೆ ವರ್ಷಗಟ್ಟಲೆ ಚಹಾ, ಸಾರು, ನೀರಿನ ಬಣ್ಣ ಆ ರಂಧ್ರಗಳಿಗೆ ಇಳಿದು ಕಂದುಗಟ್ಟುತ್ತದೆ.

ತಾಯಂದಿರು ಇದನ್ನು ಕೊಳೆಯೆಂದು ನಂಬುವುದಕ್ಕೆ ಇದೇ ಕಾರಣ, ಮತ್ತು ಅವರು ಕಣ್ಣಾರೆ ಕಂಡದ್ದನ್ನೇ ನಂಬುತ್ತಾರೆ. ಈ ಹುಡುಗಿಯ ತಾಯಿ ನನಗೆ ಹೇಳಿದ್ದು: “ಹಾಲುಹಲ್ಲು ಮುತ್ತಿನ ಹಾಗಿದ್ದವು. ಹೊಸ ಹಲ್ಲು ಕೂಡ ಬಿಳಿಯಾಗಿಯೇ ಬಂದವು. ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಸರಿಯಾಗಿ ಉಜ್ಜದೆ ಹೀಗೆ ಮಾಡಿಕೊಂಡಿದ್ದಾಳೆ.” ಅವರ ಮಾತಿನಲ್ಲಿ ಕಂಡದ್ದೆಲ್ಲ ನಿಜ, ತೀರ್ಮಾನ ಮಾತ್ರ ತಪ್ಪು. ಹಾಲುಹಲ್ಲುಗಳ ಹೆಚ್ಚಿನ ಭಾಗ ಗರ್ಭದಲ್ಲಿರುವಾಗ ಮತ್ತು ಎದೆಹಾಲಿನ ಕಾಲದಲ್ಲಿ ಆಗಿಬಿಡುತ್ತದೆ. ಎದೆಹಾಲಿನಲ್ಲಿ ಫ್ಲೋರೈಡ್ ತೀರ ಅಲ್ಪ. ಅದಕ್ಕೇ ಹಾಲುಹಲ್ಲು ಮುತ್ತಿನ ಹಾಗೆ ಉಳಿದು, ಆಮೇಲಿನ ಹಲ್ಲು ಕೆಡುತ್ತದೆ.

ಹುಡುಗಿಗೆ ಶಾಲೆಯಲ್ಲಿ ಬೇರೊಂದು ಹಿಂಸೆಯಿತ್ತು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಉಗುರು, ತಲೆ, ಹಲ್ಲು ನೋಡುವ ಪದ್ಧತಿ. ಒಬ್ಬ ಶಿಕ್ಷಕರು ಅವಳನ್ನೂ ಇನ್ನು ಕೆಲವರನ್ನೂ ‘ಹಲ್ಲು ಉಜ್ಜದವರು’ ಎಂದು ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಅವರು ಹೊರಜಿಲ್ಲೆಯಿಂದ ಬಂದವರು, ಕೆಟ್ಟ ಮನಸ್ಸಿನವರಲ್ಲ. ನಮ್ಮ ವಾಹನ ಬಂದು, ಬಿಳಿಕೋಟಿನವಳೊಬ್ಬಳು ‘ಚೆನ್ನಾಗಿ ಉಜ್ಜು’ ಎಂದು ಹೇಳಿ ಹೋದ ಮೇಲೆ, ಶಿಕ್ಷಕರ ಮಾತಿಗೆ ವೈದ್ಯಕೀಯ ಮುದ್ರೆ ಬಿದ್ದಂತಾಯಿತು. ‘ಚೆನ್ನಾಗಿ’ ಎಂದರೆ ಪಾತ್ರೆಯ ಮಸಿ ಹೋಗುವ ಹಾಗೆ ಎಂದು ಅವಳು ತಿಳಿದಳು. ಅವಳ ಅನುಭವದಲ್ಲಿ ಉಜ್ಜುವುದು ಎಂಬುದಕ್ಕೆ ಅದೇ ಅರ್ಥ. ಮಸಿ ಹೋಗದಿದ್ದಾಗ ಇಟ್ಟಿಗೆ ಪುಡಿ, ಅದಕ್ಕೂ ಹೋಗದಿದ್ದಾಗ ಉಪ್ಪು ಮತ್ತು ನಿಂಬೆಹಣ್ಣು.

ಕಾರ್ಡಿನಲ್ಲಿ ರೋಗದ ಹೆಸರನ್ನು ನಾನು ಸರಿಯಾಗಿಯೇ ಬರೆದಿದ್ದೆ. ಆದರೆ ಅದನ್ನು ಆ ಹುಡುಗಿಗೆ ಹೇಳಿರಲಿಲ್ಲ. ಎಲ್ಲ ಊರುಗಳಲ್ಲಿ ಎಲ್ಲ ಮಕ್ಕಳಿಗೂ ಹೇಳುವುದನ್ನೇ ಹೇಳಿ ಕಳುಹಿಸಿದ್ದೆ.

ಮನೆ

ಆ ಸಂಜೆ ಆಶಾ ಕಾರ್ಯಕರ್ತೆಯ ಜೊತೆ ಅವಳ ಮನೆಗೆ ಹೋದೆ. ಕೂಡುಕುಟುಂಬ: ಅಜ್ಜಿ, ತಂದೆ ತಾಯಿ, ಚಿಕ್ಕಪ್ಪ ಚಿಕ್ಕಮ್ಮ, 15 ವರ್ಷದ ಅಣ್ಣ, ಈ ಹುಡುಗಿ, ಮತ್ತು ಚಿಕ್ಕಮ್ಮನ ತೊಡೆಯ ಮೇಲೆ 14 ತಿಂಗಳ ಗಂಡುಮಗು. ಎಲ್ಲರ ಬಾಯಿಯನ್ನೂ ಟಾರ್ಚ್ ಬೆಳಕಿನಲ್ಲಿ ನೋಡಿದೆ.

ಅಣ್ಣನ ಮುಂದಿನ ಹಲ್ಲುಗಳಲ್ಲಿ ಒಂದೂ ಕಲೆಯಿಲ್ಲ. “ನೋಡಿ, ಇವನು ಉಜ್ಜುತ್ತಾನೆ, ಅವಳು ಉಜ್ಜುವುದಿಲ್ಲ” ಎಂದರು ತಾಯಿ. ನಾನು ಅವನ ಕೆನ್ನೆ ಎಳೆದು ಹಿಂದಿನ ಹಲ್ಲುಗಳನ್ನು ನೋಡಿದೆ. ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲುಗಳಲ್ಲಿ ಮತ್ತು ಅತ್ತಲಿನ ಎರಡನೆಯ ದೊಡ್ಡ ದವಡೆಹಲ್ಲಿನಲ್ಲಿ ಸುಣ್ಣದ ಗೆರೆಗಳಂಥ ಮಚ್ಚೆಗಳಿದ್ದವು, ಎಡಕ್ಕೂ ಬಲಕ್ಕೂ ಒಂದೇ ರೀತಿ. ಆಗ ಕೇಳಿದೆ: “ಅಮ್ಮ, ಇವನು ಎಳವೆಯಲ್ಲಿ ಬೆಳೆದದ್ದು ಇಲ್ಲಿಯೇ?”

ಇಲ್ಲ. ಇವನು ಕೈಗೂಸಾಗಿದ್ದಾಗ ಗಂಡಹೆಂಡಿರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದರು. ಶೆಡ್ಡಿನ ಪಕ್ಕದಲ್ಲಿ ಕಾವೇರಿ ನೀರಿನ ನಲ್ಲಿ. ಇವನಿಗೆ ನಾಲ್ಕೂವರೆ ವರ್ಷವಾದಾಗ ಮಗಳನ್ನು ಎತ್ತಿಕೊಂಡು ಊರಿಗೆ ಮರಳಿದರು. ಅವಳಿಗೆ ಆಗ ಒಂದು ವರ್ಷ ದಾಟಿತ್ತು.

ಮೇಲಿನ ಮಧ್ಯದ ಶಾಶ್ವತ ಬಾಚಿಹಲ್ಲುಗಳ ಎನಾಮಲ್ ಮಗು ಹುಟ್ಟಿದ ಮೂರು ನಾಲ್ಕು ತಿಂಗಳಿಗೆ ಆರಂಭವಾಗಿ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಎರಡನೆಯ ದೊಡ್ಡ ದವಡೆಹಲ್ಲಿನದು ಮುಗಿಯುವುದು ಏಳೆಂಟು ವರ್ಷಕ್ಕೆ. ಹುಡುಗನ ಮುಂದಿನ ಹಲ್ಲು ಬೆಂಗಳೂರಿನಲ್ಲಿ ಆಯಿತು, ಹಿಂದಿನ ಹಲ್ಲು ಊರಿನಲ್ಲಿ ಆಯಿತು. ಹುಡುಗಿಯ ಮುಂದಿನ ಹಲ್ಲುಗಳು ಬಹುಪಾಲು ಊರಿನ ನೀರಿನಲ್ಲೇ ಆದವು. ಒಂದೇ ತಾಯಿ, ಒಂದೇ ಬ್ರಷ್ಷಿನ ಅಭ್ಯಾಸ. ಬೇರೆಯಾಗಿದ್ದದ್ದು ನೀರು ಮಾತ್ರ. ಇದನ್ನು ಅಣ್ಣತಂಗಿಯರನ್ನು ಪಕ್ಕಪಕ್ಕದಲ್ಲಿ ಕೂರಿಸಿ, ಟಾರ್ಚ್ ಹಿಡಿದು, ತಾಯಿಗೆ ಕೈಗನ್ನಡಿಯಲ್ಲಿ ತೋರಿಸಿದೆ. ನಾನು ಕೊಂಡೊಯ್ದಿದ್ದ ಯಾವ ಚಿತ್ರಪಟವೂ ಮಾಡದ ಕೆಲಸವನ್ನು ಆ ಹುಡುಗನ ದವಡೆಹಲ್ಲು ಮಾಡಿತು. ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮಗಳ ಗಲ್ಲ ಹಿಡಿದು, “ನಿನ್ನನ್ನು ಸುಮ್ಮನೆ ಬೈದೆನಲ್ಲೇ” ಎಂದರು.

ಇದೇ ತರ್ಕ ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಕೆಲಸ ಮಾಡಿತ್ತು. ಐಡಾಹೊ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿನಲ್ಲಿ, ಹೊಸ ಕೊಳವೆಯಲ್ಲಿ ಬುಗ್ಗೆಯ ನೀರು ಬಂದ ಮೇಲೆ ಮಕ್ಕಳ ಹಲ್ಲು ಕಂದಾಗುತ್ತಿದೆ ಎಂದು ಮೊದಲು ಗುರುತಿಸಿದ್ದು ಹೆತ್ತವರು. ಕೊಲರಾಡೊದಲ್ಲಿ 1901ರಿಂದಲೇ ಈ ಕಲೆಯ ಬೆನ್ನು ಹತ್ತಿದ್ದ ದಂತವೈದ್ಯ ಫ್ರೆಡರಿಕ್ ಮೆಕೇ ಅವರ ಮಾತು ಕೇಳಿ 1925ರಲ್ಲಿ ಊರು ನೀರಿನ ಮೂಲವನ್ನೇ ಬದಲಿಸಿತು. ಆಮೇಲೆ ಬೆಳೆದ ಮಕ್ಕಳ ಹಲ್ಲು ಕಲೆಯಿಲ್ಲದೆ ಬಂದವು. ಕಾರಣ ಫ್ಲೋರೈಡ್ ಎಂದು ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಕಂಡುಹಿಡಿದದ್ದು 1931ರಲ್ಲಿ. ಹೆಸರು ತಿಳಿಯುವುದಕ್ಕೆ ಆರು ವರ್ಷ ಮೊದಲೇ ಒಂದು ಊರಿನವರು ನೀರು ಬದಲಿಸಿದ್ದರು. ಎಲ್ಲವೂ ತಿಳಿದಿರುವ ಈ ಕಾಲದಲ್ಲಿ ಕಾಯುತ್ತ ಕೂರುವುದನ್ನು ನಾನು ಒಪ್ಪಲಾರೆ.

ಅಜ್ಜಿಯ ಬಾಯಿ ಇನ್ನೊಂದು ಕಥೆ ಹೇಳಿತು. ಉಳಿದಿದ್ದ ಏಳೆಂಟು ಹಲ್ಲುಗಳಲ್ಲಿ ಎಲೆಅಡಿಕೆಯ ಕಲೆ ಇತ್ತೇ ಹೊರತು ಫ್ಲೋರೋಸಿಸ್‌ನ ಗುರುತಿರಲಿಲ್ಲ. ಅವರು ಹುಟ್ಟಿ ಬೆಳೆದ ಕಾಲಕ್ಕೆ ಕೆರೆ ತುಂಬುತ್ತಿತ್ತು, ಸೇದುವ ಬಾವಿಯಲ್ಲಿ ನೀರಿತ್ತು. ಕೊಳವೆಬಾವಿ ಬಂದದ್ದು ಅವರಿಗೆ ಮಕ್ಕಳಾದ ಮೇಲೆ. ಆದರೆ ಗಲ್ಲವನ್ನು ಎದೆಗೆ ತಾಗಿಸಿ ಎಂದಾಗ ಅವರಿಂದ ಆಗಲಿಲ್ಲ. ಬಗ್ಗಿ ಕಾಲ್ಬೆರಳು ಮುಟ್ಟುವುದಂತೂ ದೂರದ ಮಾತು. ಎಳವೆಯ ನೀರಿನ ಗುರುತು ಹಲ್ಲಿನಲ್ಲಿ, ದಶಕಗಳ ನೀರಿನ ಗುರುತು ಮೂಳೆಯಲ್ಲಿ. ಭಾರತದಲ್ಲಿ ಮೂಳೆಯ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ರೋಗ ನಿರ್ಣಯ ನನ್ನ ಕೆಲಸವಲ್ಲ. ವಯಸ್ಸಿನ ಸಂಧಿವಾತವೂ ಹಾಗೆಯೇ ಕಾಣಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಚೀಟಿ ಬರೆದುಕೊಟ್ಟೆ.

ಚಿಕ್ಕಮ್ಮ ಬಾಯಿ ತೆರೆಯಲು ಹಿಂಜರಿದರು. ಮಧುಗಿರಿ ಕಡೆಯವರು, ಅವರ ಹಲ್ಲೂ ಕಂದು. ಮದುವೆಗೆ ಮುಂಚೆ ಸಂತೆಯಲ್ಲಿ ಒಬ್ಬ ಹತ್ತಿಯಲ್ಲಿ ಅದೇನೋ ಅದ್ದಿ ಒರೆಸಿದ್ದನಂತೆ, ಹಲ್ಲು ಒಂದೇ ಗಳಿಗೆಯಲ್ಲಿ ಬೆಳ್ಳಗಾಯಿತಂತೆ. ಅಂದಿನಿಂದ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಅದು ಆಮ್ಲವೇ ಇರಬೇಕು. ಹೆಣ್ಣು ನೋಡಲು ಬರುವವರಿಗಾಗಿ ಎನಾಮಲ್ಲನ್ನೇ ಸುಡಿಸಿಕೊಂಡ ಆ ತಾಯಿಯ ಮುಂದೆ ಯಾವ ಬುದ್ಧಿಮಾತನ್ನೂ ಹೇಳಲು ನನಗೆ ಮನಸ್ಸಾಗಲಿಲ್ಲ.

ಅಡುಗೆಯ ನೀರು

ಆ ಮನೆಯಲ್ಲಿ ಇನ್ನೂ ಉಳಿಸಿಕೊಳ್ಳಬಹುದಾದ ಹಲ್ಲು ಇದ್ದದ್ದು ಒಬ್ಬನಿಗೆ ಮಾತ್ರ, ಆ 14 ತಿಂಗಳ ಮಗುವಿಗೆ. ಅವನ ಶಾಶ್ವತ ಬಾಚಿಹಲ್ಲುಗಳು ಆ ಹೊತ್ತಿಗೆ ವಸಡಿನೊಳಗೆ ರೂಪುಗೊಳ್ಳುತ್ತಿದ್ದವು.

“ಕುಡಿಯಲು ನಾವು ಘಟಕದ ನೀರನ್ನೇ ತರುತ್ತೇವೆ, ಮೇಡಂ” ಎಂದರು ತಾಯಿ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿತ್ತು, 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ದಿನಕ್ಕೊಂದು ಕ್ಯಾನು ಬರುತ್ತಿತ್ತು. ಹಾಗಾದರೆ ಎಲ್ಲವೂ ಸರಿಯಲ್ಲವೇ ಎಂದು ನಾನೂ ಒಂದು ಕ್ಷಣ ಅಂದುಕೊಂಡೆ. ಅಷ್ಟರಲ್ಲಿ ಚಿಕ್ಕಮ್ಮ ಮಗುವಿಗೆ ರಾಗಿ ಸರಿ ಮಾಡಲು ಎದ್ದರು. ನಲ್ಲಿಯ ಕೊಡದಿಂದ ನೀರು ತೆಗೆದು ಒಲೆಯ ಮೇಲಿಟ್ಟು, ಚೆನ್ನಾಗಿ ಕುದಿಸಿ, ಆರಿಸಿ, ಅದರಲ್ಲಿ ಹಿಟ್ಟು ಕಲಸಿ ಮತ್ತೆ ಕುದಿಸಿದರು. ಮಗುವಿಗೆ ಕುದಿಸಿದ ನೀರನ್ನೇ ಕೊಡಿ ಎಂದು ಹೇಳಿಕೊಟ್ಟವರೂ ನಮ್ಮಂಥವರೇ. ಕುದಿಸುವುದು ವಾಂತಿಭೇದಿಯ ರೋಗಾಣುಗಳಿಗೆ ಸರಿಯಾದ ಔಷಧ. ಫ್ಲೋರೈಡ್ ಮಾತ್ರ ಆವಿಯಾಗುವುದಿಲ್ಲ, ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಗಾಢವಾಗುತ್ತದೆ.

ದೊಡ್ಡವರ ಅಡುಗೆಯೂ ಅಷ್ಟೇ. ಮುದ್ದೆಗೆ ಇಟ್ಟ ಎಸರು ಪೂರ್ತಿ ಹಿಟ್ಟಿನೊಳಗೆ ಹೋಗುತ್ತದೆ. ಬೇಳೆ ಬೇಯಿಸಿದ ನೀರು ಸಾರಾಗುತ್ತದೆ. ಚಹಾ ಸೊಪ್ಪಿನಲ್ಲಿ ಮೊದಲೇ ಫ್ಲೋರೈಡ್ ಇರುತ್ತದೆ, ಅಗ್ಗದ ಪುಡಿಯಲ್ಲಿ ಇನ್ನೂ ಹೆಚ್ಚು. ಕ್ಯಾನಿನ ನೀರು ಲೋಟಕ್ಕೆ, ನಲ್ಲಿಯ ನೀರು ಒಲೆಗೆ ಎಂಬ ವಿಂಗಡಣೆಯಿಂದ ಆ ಮಗುವಿನ ಹೊಟ್ಟೆಗೆ ಹೋಗುತ್ತಿದ್ದದ್ದೆಲ್ಲ ಹೆಚ್ಚುಕಡಿಮೆ ಕೊಳವೆಬಾವಿಯ ನೀರೇ. ‘ಕುಡಿಯುವ ನೀರು’ ಎಂಬ ನಮ್ಮ ಮಾತಿನಲ್ಲೇ ತಪ್ಪಿದೆ ಎಂದು ನನಗೆ ಅನ್ನಿಸಿದ್ದು ಆಗ. ಜನ ಅದನ್ನು ಅಕ್ಷರಶಃ ಪಾಲಿಸುತ್ತಾರೆ.

ಮರುದಿನ ಗ್ರಾಮ ಪಂಚಾಯಿತಿಯ ಪರೀಕ್ಷಾ ಕಿಟ್ ತರಿಸಿದೆವು. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಊರಿನ ಐವರು ಹೆಂಗಸರಿಗೆ ಇದರ ಬಳಕೆ ಕಲಿಸುವ ಏರ್ಪಾಡಿದೆ. ಕಲಿತವರಲ್ಲಿ ಒಬ್ಬಾಕೆ ಅದೇ ಬೀದಿಯವರು, ಕಿಟ್ ಮಾತ್ರ ಪಂಚಾಯಿತಿ ಬೀರುವಿನಲ್ಲಿತ್ತು. ನಲ್ಲಿಯ ನೀರಿಗೆ ದ್ರಾವಣ ಹಾಕಿದಾಗ ಗುಲಾಬಿ ಬಣ್ಣ ಹಳದಿಗೆ ತಿರುಗಿ, ಬಣ್ಣದ ಪಟ್ಟಿಯಲ್ಲಿ 1.5ರ ಗೆರೆಯಾಚೆ ನಿಂತಿತು. ಅಂಗನವಾಡಿಯ ನೀರೂ ಅದೇ. ಘಟಕದ ನೀರು ಗುಲಾಬಿಯಾಗಿಯೇ ಉಳಿಯಿತು. ನೋಡಲು ಹದಿನೈದು ಇಪ್ಪತ್ತು ಹೆಂಗಸರು ಸೇರಿದ್ದರು. ಒಬ್ಬರು ಘಟಕದ ಹಿಂಬದಿಯ ತೊಟ್ಟಿಯ ನೀರನ್ನೂ ಪರೀಕ್ಷಿಸಿ ಎಂದರು. ಶೋಧಿಸುವಾಗ ಬೇರ್ಪಟ್ಟು ಹೊರಹೋಗುವ ಉಳಿಕೆ ನೀರು ಅದು, ದನಗಳಿಗೆ ಕುಡಿಯಲು ಬಿಟ್ಟಿದ್ದರು. ಎಲ್ಲಕ್ಕಿಂತ ಹಳದಿಯಾಗಿದ್ದದ್ದು ಅದೇ. ಈ ನೀರು ದನಗಳ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ಆ ಪ್ರಶ್ನೆ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಮಾಡಿದ್ದು, ಆಗದಿದ್ದದ್ದು

ಹುಡುಗಿಗೆ ಮೊದಲು ಇಟ್ಟಿಗೆ ಪುಡಿ ಬಿಡಿಸಿದೆ. ಮೃದುವಾದ ಬ್ರಷ್, ಬಟಾಣಿಯಷ್ಟು ಪೇಸ್ಟ್, ಹಗುರ ಕೈ. ‘ಚೆನ್ನಾಗಿ’ ಎಂಬ ಪದವನ್ನು ಬಿಟ್ಟು, “ಮಗುವಿನ ಕೆನ್ನೆ ಸವರುವ ಹಾಗೆ” ಎಂದು ಚಿಕ್ಕಮ್ಮನ ಮಗುವಿನ ಕೆನ್ನೆಯ ಮೇಲೆ ಬ್ರಷ್ ಆಡಿಸಿ ತೋರಿಸಿದೆ. ಅವಳು ನಕ್ಕಳು, ಕೈ ಬಾಯಿಗೆ ಹೋಯಿತು. ಪೇಸ್ಟಿನ ಡಬ್ಬಿಯ ಮೇಲೆ ಫ್ಲೋರೈಡ್ ಎಂದು ಓದಿದ ಅಣ್ಣ ಅದನ್ನು ಎಸೆಯಲು ಹೊರಟಿದ್ದ. ಬೇಡವೆಂದೆ. ಬುದ್ಧಿಹಲ್ಲು ಬಿಟ್ಟರೆ ಅವರಿಬ್ಬರ ಎನಾಮಲ್ ಆಗಲೇ ರೂಪುಗೊಂಡು ಮುಗಿದಿದೆ, ಹೊಸದಾಗಿ ಕಲೆ ಆಗುವಂತಿಲ್ಲ. ಉಜ್ಜಿ ಉಗುಳುವ ಪೇಸ್ಟಿನಿಂದ ಹುಳುಕು ತಡೆಯುವ ಲಾಭವಿದೆ. ನುಂಗುವ ಮಗುವಿಗೆ ಮಾತ್ರ ಸದ್ಯಕ್ಕೆ ಬರಿಯ ನೀರು ಮತ್ತು ಮೆತ್ತನೆಯ ಬಟ್ಟೆ.

ವಸಡಿನ ಗಾಯ ಮೂರು ವಾರದಲ್ಲಿ ಮಾಯಿತು. ಒಂದು ಹಲ್ಲಿನ ಬುಡದಲ್ಲಿ ವಸಡು ಸ್ವಲ್ಪ ಹಿಂದೆ ಸರಿದದ್ದು ಹಾಗೆಯೇ ಉಳಿಯಿತು. ಅದು ನನ್ನ ಲೆಕ್ಕಕ್ಕೆ ಸೇರಿದ್ದು.

ಕಲೆಗೆ ಚಿಕಿತ್ಸೆ ಇದೆ, ಅದು ದಂತವೈದ್ಯರ ಕೆಲಸ. ನಮ್ಮ ತಂಡದ ವೈದ್ಯರು ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಅಳತೆಯ ಆಮ್ಲವನ್ನು ನುಣುಪು ಪುಡಿಯೊಡನೆ ಬೆರೆಸಿ ಮೇಲ್ಪದರವನ್ನು ಕೂದಲೆಳೆಯಷ್ಟು ತೆಗೆದರು. ಕುಳಿ ಬಿದ್ದಿದ್ದ ಎರಡು ಹಲ್ಲುಗಳಿಗೆ ಹಲ್ಲಿನ ಬಣ್ಣದ ಕಾಂಪೊಸಿಟ್ ಲೇಪಿಸಿದರು. ಎರಡು ಭೇಟಿ ಬೇಕಾಯಿತು. ಕಂದು ಬಣ್ಣ ತಿಳಿಹಳದಿಗೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಲೇಪ ಕೆಲವು ವರ್ಷಕ್ಕೊಮ್ಮೆ ಕಿತ್ತುಬಂದರೆ ಮತ್ತೆ ಮಾಡಿಸಬೇಕು ಎಂದು ಮೊದಲೇ ತಿಳಿಸಿದ್ದೆವು. ಊರಿನ ಎಲ್ಲ ಮಕ್ಕಳಿಗೂ ಇದನ್ನು ಮಾಡಲು ನಮ್ಮಲ್ಲಿ ಕೈಗಳೂ ಇಲ್ಲ, ಹಣವೂ ಇಲ್ಲ. ಚಿಕ್ಕಮ್ಮನ ಜುಮ್ಮೆನ್ನುವ ಹಲ್ಲುಗಳಿಗೂ ಲೇಪ ಹಾಕಿಸಿದೆವು.

ಶಾಲೆಯಲ್ಲಿ ಆ ಶಿಕ್ಷಕರನ್ನು ಕಂಡು, ಮಕ್ಕಳ ಮುಂದಲ್ಲದೆ ಪಕ್ಕದ ಕೋಣೆಯಲ್ಲಿ, ಎಲ್ಲವನ್ನೂ ವಿವರಿಸಿದೆ. ಅವರ ಮುಖ ಕೆಂಪಾಯಿತು. ಮುಂದಿನ ಸೋಮವಾರದ ಪ್ರಾರ್ಥನೆಯಲ್ಲಿ ಅವರೇ ನಿಂತು, ಈ ಕಲೆ ನೀರಿನದು, ಉಜ್ಜದೆ ಬಂದದ್ದಲ್ಲ, ನಾನು ತಪ್ಪು ತಿಳಿದಿದ್ದೆ ಎಂದು ಮಕ್ಕಳಿಗೆ ಹೇಳಿದರಂತೆ. ಹಾಗೆ ಹೇಳುವುದು ಸುಲಭವಲ್ಲ, ಅವರ ಬಗ್ಗೆ ನನಗೆ ಗೌರವವಿದೆ.

ನೀರಿನ ವಿಷಯದಲ್ಲಿ ಅರ್ಧ ಗೆದ್ದೆವು. ಆ ಮನೆಯಲ್ಲಿ ಎರಡನೆಯ ಕ್ಯಾನು ಶುರುವಾಯಿತು, ತಿಂಗಳಿಗೆ 150 ರೂಪಾಯಿ ಹೆಚ್ಚು ಖರ್ಚು. ದಿನಗೂಲಿಯ ಮನೆಗೆ ಅದು ಸಣ್ಣ ಮೊತ್ತವಲ್ಲ. ಎಲ್ಲ ಮನೆಗಳಿಗೂ ಹೇಳುವಾಗ ನಾವು ಒಂದು ಸರಳ ಕ್ರಮ ಮಾಡಿಕೊಂಡೆವು: ಎಂಟು ವರ್ಷದೊಳಗಿನ ಮಗು ಇರುವ ಮನೆಗೆ ಮೊದಲು ಹೋಗುವುದು, ದುಡ್ಡು ಸಾಲದಿದ್ದರೆ ಮಗುವಿನ ಸರಿ, ಗಂಜಿ, ಹಾಲಿಗೆ ಬೆರೆಸುವ ನೀರನ್ನಾದರೂ ಬದಲಿಸಲು ಹೇಳುವುದು. ಅಂಗನವಾಡಿಯ ಅಡುಗೆಗೆ ದಿನಕ್ಕೆರಡು ಕ್ಯಾನು ಉಚಿತವಾಗಿ ಕೊಡಲು ಪಂಚಾಯಿತಿ ಒಪ್ಪಿತು. ನೀರುಗಂಟಿಯೇ ಬೆಳಿಗ್ಗೆ ತಂದಿಡುತ್ತಾನೆ.

ಬೇಸಿಗೆಯಲ್ಲಿ ಘಟಕ ಕೆಟ್ಟಿತು. ಒಳಗಿನ ಶೋಧಕ ಪೊರೆ ಹಾಳಾಗಿ, ನಾಣ್ಯಕ್ಕೆ ನೀರು ಬರುತ್ತಿತ್ತು, ಶುದ್ಧವಾಗಿ ಮಾತ್ರ ಅಲ್ಲ. ಅದನ್ನು ಕಂಡುಹಿಡಿದದ್ದು ಕಿಟ್ ಕಲಿತ ಆ ಬೀದಿಯ ಹೆಂಗಸು. ಅಷ್ಟು ಹೊತ್ತಿಗೆ ಕಿಟ್ ಬೀರುವಿನಿಂದ ಅವರ ಮನೆಗೆ ಬಂದಿತ್ತು. ಪೊರೆ ಬದಲಿಸಲು ಏಳು ವಾರ ಹಿಡಿಯಿತು. ಆ ಏಳು ವಾರ ಮಕ್ಕಳು ಏನು ಕುಡಿದರು ಎಂದು ಲೆಕ್ಕ ಹಾಕಿದರೆ ಸಿಟ್ಟು ಬರುತ್ತದೆ. ಬಂಡೆಯ ನೀರನ್ನು ಯಂತ್ರದಿಂದ ಶೋಧಿಸಿ ಕುಡಿಯುವುದು ಹಂಗಾಮಿ ವ್ಯವಸ್ಥೆ. ಈ ತಾಲ್ಲೂಕಿಗೆ ಬೇಕಾದದ್ದು ಮನೆಯ ನಲ್ಲಿಗೇ ಬರುವ ಹೊಳೆಯ ನೀರು. ತುಂಗಭದ್ರಾ ಹಿನ್ನೀರಿನಿಂದ ಕುಡಿಯುವ ನೀರು ತರುವ ಯೋಜನೆಯನ್ನು ಇಲ್ಲಿನ ಜನ ಎದುರು ನೋಡಿದ್ದು ಅದಕ್ಕಾಗಿಯೇ.

ನಮ್ಮ ಕಾರ್ಡನ್ನು ಬದಲಿಸಿದ್ದೇವೆ. ‘ಸಲಹೆ’ ಎಂಬ ಒಂದು ಸಾಲಿನ ಜಾಗದಲ್ಲಿ ಈಗ ಮೂರು ಪ್ರಶ್ನೆಗಳಿವೆ: ಏನು ಹಾಕಿ ಉಜ್ಜುತ್ತಾರೆ, ಮೊದಲ ಐದು ವರ್ಷ ಎಲ್ಲಿ ಬೆಳೆದರು, ಅಡುಗೆಗೆ ಯಾವ ನೀರು. ಉತ್ತರ ಬರೆಯದೆ ಮಗುವನ್ನು ಕುರ್ಚಿಯಿಂದ ಇಳಿಸುವುದಿಲ್ಲ. ದಿನಕ್ಕೆ ನೋಡುವ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ, ಅದಕ್ಕೆ ಮೇಲಿನವರಿಂದ ಆಕ್ಷೇಪವೂ ಬಂದಿದೆ.

ಕಳೆದ ಸಲ ಹೋದಾಗ ಹುಡುಗಿ 8ನೇ ತರಗತಿಯಲ್ಲಿದ್ದಳು. ಸಾಲಿನ ಕೊನೆಯಲ್ಲಿ ನಿಂತಿರಲಿಲ್ಲ. ಚಿಕ್ಕಮ್ಮನ ಮಗನನ್ನು ಸೊಂಟದ ಮೇಲೆ ಎತ್ತಿಕೊಂಡು ನೇರ ನನ್ನ ಬಳಿ ಬಂದು, “ಇವನದ್ದೂ ನೋಡಿ ಮೇಡಂ” ಎಂದಳು. ಹಾಲುಹಲ್ಲು ಹದಿನಾರು, ಎಲ್ಲವೂ ಬಿಳಿ. ಅದರಿಂದ ಏನೂ ತಿಳಿಯುವುದಿಲ್ಲ ಎಂದು ಅವಳಿಗೂ ಈಗ ಗೊತ್ತು. ಅವನ ಮೇಲಿನ ಶಾಶ್ವತ ಬಾಚಿಹಲ್ಲು ಬರಲು ಇನ್ನೂ ಐದು ವರ್ಷ ಬೇಕು. ಅವನ ಕಾರ್ಡಿನಲ್ಲಿ ಆ ಎರಡು ಹಲ್ಲುಗಳ ಚೌಕಗಳನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಬರೆದೆ: ‘ಅಡುಗೆಗೆ ಘಟಕದ ನೀರು. ಏಳು ವಾರ ನಲ್ಲಿಯ ನೀರು.’